ಬಡಕಲು ಕುದುರೆ, ಮೈಸೂರಿನ ಕಾಗೆ ಮತ್ತು ನಿಮ್ಮ ಪೆನ್ಸಿಲು



ಆಲಮಟ್ಟಿಯ ಅಣೆಕಟ್ಟೆಯನ್ನು ನೀವು ನೋಡಿರಬಹುದು. ನೋಡಿಲ್ಲದಿದ್ದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ ಬನ್ನಿ. ಕೃಷ್ಣಾ ನದಿಗೆ ಅಡ್ಡಲಾಗಿ ಸಾಲಾಗಿ ನಿಂತ 26 ಗೇಟುಗಳು, ಹಿಂದೆ ಕಣ್ಣಿಗೆ ದಡವೇ ಕಾಣದಷ್ಟು ನೀರು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇದಕ್ಕೆ ಅಡಿಗಲ್ಲು ಹಾಕಿದರು. ಮೂರು ವಾರ ಕಳೆಯುವುದರೊಳಗೆ ಅವರು ದೇಶದ ಪ್ರಧಾನಿಯಾದರು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಇಂದು ಅದರ ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಮ್ಮ ತಂಡ ಅಲ್ಲಿಗೆ ಹೋಗಿದ್ದಾಗ ಜಿಟಿಜಿಟಿ ಮಳೆ. ಕೆಲಸ ನಿಂತಿತ್ತು. ನೋಡಲು ನೆರೆದವರಲ್ಲಿ ಕಾಲೇಜು ಹುಡುಗನೊಬ್ಬ ಚಿತ್ರದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೊತ್ತಿಕೊಂಡು ನಿಂತಿದ್ದ. ತೆಗೆದು ತೋರಿಸಿದ. ಮೊದಲ ನಾಲ್ಕು ಪುಟಗಳಲ್ಲಿ ಸಿನಿಮಾ ನಟರ ಮುಖಗಳು, ಫೋಟೋ ನೋಡಿ ಬರೆದವು. ಉಳಿದ ಪುಟಗಳು ಖಾಲಿ.

“ಸರ್, ಕಾರ್ಟೂನ್ ತಗೀಬೇಕಂತ ಭಾಳ ಆಸೆ ಐತ್ರಿ. ಆದ್ರ ಕುಂತರ ಏನೂ ಹೊಳಿಯೂದಿಲ್ರಿ. ಸ್ಫೂರ್ತಿ ಅನ್ನೂದು ಎಲ್ಲಿಂದ ಬರ್ತದ್ರಿ?” ಎಂದು ಕೇಳಿದ.

ಕ್ಯಾಮೆರಾದ ಚಿಂತೆಯಲ್ಲಿದ್ದ ನಾನು, “ಎದುರಿಗೆ ಇರೋದನ್ನ ನೋಡಪ್ಪಾ, ಅದನ್ನೇ ಬರಿ” ಎಂದು ಹೇಳಿ ಮುಂದೆ ಹೋದೆ. ಹೇಳಿದ್ದು ತಪ್ಪಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಈ ಲೇಖನ ಆ ಉತ್ತರದ ಉಳಿದ ಭಾಗ.

ಮೊದಲು ನನ್ನದೇ ಒಂದು ಸಂಗತಿ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ನಾನು ಮೇಷ್ಟರೊಬ್ಬರ ಚಿತ್ರ ಬರೆದಿದ್ದೆ. ಮೂಗು ಸ್ವಲ್ಪ ಉದ್ದವಾಗಿತ್ತು. ಅವರು ಆ ಹಾಳೆಯನ್ನು ತರಗತಿಯ ಮುಂದೆಯೇ ಹರಿದು ಹಾಕಿದರು. ಆಮೇಲೆ ಹಲವು ವರ್ಷ, ಬಿ.ಎಸ್‌ಸಿ.ಯ ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಕಪ್ಪೆ, ಜಿರಳೆಗಳನ್ನು ಬರೆದದ್ದು ಬಿಟ್ಟರೆ, ನಾನು ಚಿತ್ರ ಬರೆಯಲಿಲ್ಲ. ಟೆಲಿವಿಷನ್ ಕೆಲಸಕ್ಕೆ ಬಂದ ಮೇಲೆ ಸ್ಟೋರಿಬೋರ್ಡ್ ಮಾಡಬೇಕಾಯಿತು. ಯಾವ ದೃಶ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಕ್ಯಾಮೆರಾ ಯಾವ ಕಡೆಯಿಂದ ನೋಡಬೇಕು ಎಂಬುದನ್ನು ಚೌಕದೊಳಗೆ ಕಡ್ಡಿ ಮನುಷ್ಯರನ್ನು ಬರೆದು ಕ್ಯಾಮೆರಾಮನ್‌ಗೆ ತಿಳಿಸುವ ಕ್ರಮ ಅದು. ಕೈ ನಡುಗುತ್ತಿತ್ತು. ಒಂದು ಹಾಳೆ ಹರಿದದ್ದಕ್ಕೆ ಅಷ್ಟು ವರ್ಷ ಕಳೆದುಕೊಂಡೆನಲ್ಲ ಎಂದು ಆಗ ಅನ್ನಿಸಿತು. ಆ ಹುಡುಗನ ಪ್ರಶ್ನೆ ನನ್ನನ್ನು ಕಾಡಿದ್ದು ಇದೇ ಕಾರಣಕ್ಕೆ. ಹೊಳೆಯುವುದಿಲ್ಲ ಎಂದು ಬಿಟ್ಟವರೂ, ಹೆದರಿ ಬಿಟ್ಟವರೂ ಕೊನೆಗೆ ಕಳೆದುಕೊಳ್ಳುವುದು ಒಂದನ್ನೇ.

ವಿಜಯಪುರದ ಬಡಕಲು ಕುದುರೆ

ವ್ಯಂಗ್ಯಚಿತ್ರ ಎಂದರೆ ಇಂಗ್ಲಿಷರು ತಂದ ಪತ್ರಿಕೆಗಳ ಜೊತೆ ಬಂದ ಕಲೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಪತ್ರಿಕೆಯ ವ್ಯಂಗ್ಯಚಿತ್ರದ ಮಟ್ಟಿಗೆ ಅದು ನಿಜ. ಆದರೆ ಕೆಲವೇ ಗೆರೆಗಳಲ್ಲಿ ಒಂದು ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ನೋಡುವವರನ್ನು ತಡೆದು ನಿಲ್ಲಿಸುವ ಕಲೆ ನಮ್ಮಲ್ಲಿ ಅದಕ್ಕೂ ಹಳೆಯದು. ಆಲಮಟ್ಟಿಯಿಂದ ಉತ್ತರಕ್ಕೆ ಬಸ್ಸಿನಲ್ಲಿ ಹೊರಟರೆ ಎರಡು ಗಂಟೆಯೊಳಗೆ ವಿಜಯಪುರ ತಲುಪುತ್ತೀರಿ. ಸುಮಾರು 400 ವರ್ಷಗಳ ಹಿಂದೆ ಆ ಊರಿನಲ್ಲಿ ತಯಾರಾದ ಒಂದು ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕಾಲ ಸುಮಾರು 1625, ಎಂದರೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಳ್ವಿಕೆಯ ಕೊನೆಯ ವರ್ಷಗಳು.

ಆ ಚಿತ್ರದಲ್ಲಿರುವುದು ಒಂದು ಬಡಕಲು ಕುದುರೆ ಮತ್ತು ಅದರ ಸವಾರ. ರಾಜರ ಚಿತ್ರಗಳಲ್ಲಿ ನಾವು ಕಾಣುವ ಕೊಬ್ಬಿದ ಕುದುರೆಯಲ್ಲ ಇದು. ಎಲುಬು ಎಣಿಸಬಹುದಾದ ಮೈ. ಹಸಿದ ಕುದುರೆಯ ವಸ್ತು ಪರ್ಷಿಯಾದ ಚಿತ್ರಕಾರರಿಂದ ಇಲ್ಲಿಗೆ ಬಂದದ್ದು. ದೇಹದ ಆಸೆಗಳನ್ನು ಸೊರಗಿಸಿದ ಸಾಧಕನ ಸಂಕೇತ ಎಂದು ಅದನ್ನು ಸೂಫಿ ಅರ್ಥದಲ್ಲಿ ವಿವರಿಸುವ ವಿದ್ವಾಂಸರಿದ್ದಾರೆ. ಅರ್ಥ ಏನೇ ಇರಲಿ, ವಸ್ತು ದೂರದಿಂದ ಬಂದಿರಲಿ, ಎಲುಬಿನ ಗೂಡು ಎಲ್ಲಿ ಉಬ್ಬುತ್ತದೆ, ಹೊಟ್ಟೆ ಎಲ್ಲಿ ಒಳಗೆ ಸೇರುತ್ತದೆ ಎಂಬುದು ಕುದುರೆಯನ್ನು ಚೆನ್ನಾಗಿ ನೋಡಿದವನಿಗೆ ಮಾತ್ರ ಗೊತ್ತಾಗುವ ವಿಷಯ.

ಈ ಚಿತ್ರಗಳನ್ನು ಮಾಡುತ್ತಿದ್ದ ವಿಧಾನವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಅಗಲವಾದ ತಟ್ಟೆಯಲ್ಲಿ ಅಂಟು ಬೆರೆಸಿ ಮಂದ ಮಾಡಿದ ನೀರು. ಅದರ ಮೇಲೆ ಬಣ್ಣವನ್ನು ಹನಿಸಿದರೆ ಅದು ಮುಳುಗದೆ ತೆಳ್ಳಗೆ ಹರಡಿ ತೇಲುತ್ತದೆ. ಕಡ್ಡಿಯಿಂದ ಮೆಲ್ಲಗೆ ಆಡಿಸಿದರೆ ಮೋಡದಂಥ, ಅಲೆಯಂಥ ವಿನ್ಯಾಸ. ಆ ಮೇಲ್ಮೈಗೆ ಕಾಗದವನ್ನು ತಾಗಿಸಿ ಎತ್ತಿದರೆ ವಿನ್ಯಾಸ ಪೂರ್ತಿ ಕಾಗದಕ್ಕೆ ಬರುತ್ತದೆ. ದಖ್ಖನಿನ ಕಲಾವಿದರು ಕಾಗದದ ಒಂದು ಭಾಗಕ್ಕೆ ಬಣ್ಣ ಹತ್ತದಂತೆ ಮರೆಮಾಡಿ, ಇನ್ನೊಂದು ಭಾಗಕ್ಕೆ ಮಾತ್ರ ಹತ್ತುವಂತೆ ಮಾಡಿ ಆಕಾರಗಳನ್ನು ಮೂಡಿಸುತ್ತಿದ್ದರು. ಪೂರ್ತಿ ಬಣ್ಣ ತುಂಬುವ ಬದಲು ಎಷ್ಟು ಬಿಡಬೇಕು ಎಂದು ಯೋಚಿಸುವುದು ಇಲ್ಲಿಯ ಜಾಣತನ. ವ್ಯಂಗ್ಯಚಿತ್ರದ ಮೊದಲ ಪಾಠವೂ ಅದೇ: ಏನನ್ನು ಬರೆಯಬಾರದು ಎಂದು ತಿಳಿಯುವುದು.

ವಿಜಯಪುರದ ಪೂರ್ವಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ ಕುಮಟಗಿ ಎಂಬ ಊರಿದೆ. ಆದಿಲ್ ಶಾಹಿಗಳ ಕಾಲದ ಜಲಮಹಲುಗಳು ಅಲ್ಲಿವೆ. ಒಂದು ಮಂಟಪದ ಗೋಡೆಗಳ ಮೇಲೆ ಕುಸ್ತಿಯಾಳುಗಳು, ಕುದುರೆಯೇರಿ ಚೆಂಡಾಡುವವರು, ವಾದ್ಯ ನುಡಿಸುವವರು, ಟೊಪ್ಪಿಗೆ ತೊಟ್ಟ ಯೂರೋಪಿಯನ್ನರು ಕಾಣುತ್ತಾರೆ. ಚಿತ್ರಗಳು ಮಾಸಿವೆ, ಅವುಗಳ ಮೇಲೆ ಹೆಸರು ಕೆತ್ತಿದ ಪುಣ್ಯಾತ್ಮರೂ ಇದ್ದಾರೆ. ಆದರೂ ಒಂದು ಮಾತು ಸ್ಪಷ್ಟ. ಆ ಚಿತ್ರಕಾರ ದೇವಲೋಕಕ್ಕೆ ಹೋಗಲಿಲ್ಲ. ತನ್ನ ಕಾಲದ ಆಟ, ಜನ, ವಿಚಿತ್ರ ಉಡುಪಿನ ಪರದೇಶಿಗಳು, ಇವನ್ನೇ ಬರೆದ.

ಪರದೆಯ ಮೇಲಿನ ಕಿಳ್ಳೇಕ್ಯಾತ

ಅರಮನೆಯ ಮಾತು ಆಯಿತು. ಇನ್ನು ಹಳ್ಳಿಗೆ ಬನ್ನಿ. ನಮ್ಮ ತೊಗಲುಗೊಂಬೆಯಾಟವನ್ನು ನೀವು ನೋಡಿರದಿದ್ದರೆ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಪ್ರಾಣಿಯ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಉಳಿಯಿಂದ ತೂತು ಕೊರೆದು ಮಾಡಿದ ಗೊಂಬೆಗಳು. ಮುಂದೆ ಬಿಳಿಯ ಪರದೆ, ಹಿಂದೆ ದೀಪ. ಈ ಆಟ ಆಡುವ ಸಮುದಾಯಕ್ಕೆ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂಬ ಹೆಸರುಗಳಿವೆ. ಉತ್ತರ ಕರ್ನಾಟಕದ ಹೊಳೆದಂಡೆಗಳಲ್ಲಿ ಇವರು ಮೀನು ಹಿಡಿಯುವ ಕಸುಬನ್ನೂ ಮಾಡಿಕೊಂಡು ಬಂದವರು.

ರಾಮಾಯಣ, ಮಹಾಭಾರತದ ಕಥೆ ನಡೆಯುವ ನಡುವೆ ಪರದೆಯ ಮೇಲೆ ಕಿಳ್ಳೇಕ್ಯಾತ ಎಂಬ ವಿದೂಷಕ ಬರುತ್ತಾನೆ. ಅವನ ಜೊತೆಗೆ ಬಂಗಾರಕ್ಕ. ರಾಮ ಲಕ್ಷ್ಮಣರ ಗೊಂಬೆಗಳು ಅಂದವಾಗಿದ್ದರೆ ಇವರು ವಿಕಾರವಾಗಿದ್ದಾರೆ. ಹೊಟ್ಟೆ ದಪ್ಪ, ತುಟಿ ದಪ್ಪ, ಕೈಕಾಲು ಎಲ್ಲೆಂದರಲ್ಲಿ. ಅವರ ಬಾಯಿಗೆ ಪುರಾಣದ ಮಾತಿಲ್ಲ. ಊರಿನ ಮಾತು, ಗಂಡ ಹೆಂಡಿರ ಜಗಳ, ದೊಡ್ಡವರ ಸಣ್ಣತನ. ನೇರವಾಗಿ ಹೇಳಿದರೆ ಪೆಟ್ಟು ತಿನ್ನಬೇಕಾದ ಮಾತನ್ನು ಕಿಳ್ಳೇಕ್ಯಾತನ ಬಾಯಲ್ಲಿ ಹೇಳಿಸಿದರೆ ಊರಿನ ಗೌಡನೂ ನಗುತ್ತಿದ್ದ.

ಇನ್ನೊಂದು ಸಂಗತಿ ನೋಡಿ. ನಮ್ಮ ತೊಗಲುಗೊಂಬೆಗಳಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆ ಬದಲಾಗುತ್ತದೆ. ರಾಜ, ದೇವರು ದೊಡ್ಡದು, ಸೇವಕರು ಚಿಕ್ಕದು. ಅಳತೆಯಿಂದಲೇ ಅರ್ಥ ಹೇಳುವ ಈ ಉಪಾಯವನ್ನು ಇಂದಿನ ವ್ಯಂಗ್ಯಚಿತ್ರಕಾರರೂ ದಿನಾ ಬಳಸುತ್ತಾರೆ. ಮಂತ್ರಿಯ ಕುರ್ಚಿಯನ್ನು ಮನೆಯಷ್ಟು ದೊಡ್ಡದಾಗಿ ಬರೆದು, ಅದರಲ್ಲಿ ಕೂತ ಮಂತ್ರಿಯನ್ನು ಬೆರಳಷ್ಟು ಚಿಕ್ಕವನನ್ನಾಗಿ ಬರೆದರೆ ಮತ್ತೆ ಮಾತು ಬೇಕೆ? ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಕಾರ್ಟೂನ್ ಕಲಿಯುವವರು ಅಲ್ಲಿಗೆ ಹೋದರೆ ಅರ್ಧ ದಿನ ಸಾಲದು.

ಮಾತು ಹುಟ್ಟಿದ್ದು ಹೀಗೆ

‘ಕಾರ್ಟೂನ್’ ಎಂಬ ಪದದ ಹುಟ್ಟೂ ಒಂದು ಸ್ವಾರಸ್ಯ. ಇಟಲಿಯ ಭಾಷೆಯಲ್ಲಿ ‘ಕಾರ್ತೋನೆ’ ಎಂದರೆ ದಪ್ಪ ಕಾಗದ. ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮುನ್ನ ಕಲಾವಿದರು ದಪ್ಪ ಕಾಗದದ ಮೇಲೆ ಪೂರ್ಣ ಅಳತೆಯ ಕರಡು ಬರೆಯುತ್ತಿದ್ದರು, ಅದು ಕಾರ್ಟೂನ್. 1843ರಲ್ಲಿ ಲಂಡನ್ನಿನ ಹೊಸ ಪಾರ್ಲಿಮೆಂಟ್ ಭವನದ ಗೋಡೆಗಳಿಗಾಗಿ ಬರೆದ ಇಂಥ ಕರಡುಗಳ ಪ್ರದರ್ಶನ ನಡೆಯಿತು. ಹೊಟ್ಟೆಗಿಲ್ಲದ ಜನರಿರುವ ಊರಿನಲ್ಲಿ ಈ ಆಡಂಬರವೇ ಎಂದು ‘ಪಂಚ್’ ಪತ್ರಿಕೆ ಕೆಣಕಿತು. ಜಾನ್ ಲೀಚ್ ಎಂಬ ಚಿತ್ರಕಾರ ಬಡವರು ಆ ಪ್ರದರ್ಶನ ನೋಡುತ್ತಿರುವಂತೆ ಒಂದು ಚಿತ್ರ ಬರೆದ. ಪತ್ರಿಕೆ ಅದನ್ನು ತನ್ನ ‘ಕಾರ್ಟೂನ್’ ಎಂದು ಕರೆಯಿತು. ಅಂದಿನಿಂದ ಆ ಪದಕ್ಕೆ ಇಂದಿನ ಅರ್ಥ ಬಂತು.

ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರೊಡಾಲ್ಫ್ ಟೋಪ್ಫರ್ ಎಂಬ ಮೇಷ್ಟರಿದ್ದರು. ತಂದೆಯಂತೆ ದೊಡ್ಡ ಚಿತ್ರಕಾರನಾಗಬೇಕೆಂಬ ಆಸೆ ಅವರಿಗಿತ್ತು. ಕಣ್ಣಿನ ತೊಂದರೆಯಿಂದ ಅದು ಕೈಗೂಡಲಿಲ್ಲ. ಆಮೇಲೆ ಅವರು ಸರಳ ಗೆರೆಗಳಲ್ಲಿ ಚಿತ್ರಕಥೆಗಳನ್ನು ಬರೆದರು. ಅವನ್ನು ನೋಡಿ ಮುದುಕನಾಗಿದ್ದ ಜರ್ಮನ್ ಕವಿ ಗಯಟೆ ಮೆಚ್ಚಿಕೊಂಡ. 1845ರಲ್ಲಿ ಟೋಪ್ಫರ್ ಮುಖಲಕ್ಷಣಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ಸಾರ ಇಷ್ಟು: ನೀವು ಎಷ್ಟೇ ಒರಟಾಗಿ ಒಂದು ಮುಖ ಬರೆಯಿರಿ, ಅದಕ್ಕೆ ಒಂದು ಭಾವ ಬಂದೇ ಬರುತ್ತದೆ. ಹುಬ್ಬನ್ನೋ ಬಾಯಿಯನ್ನೋ ಚೂರು ಬದಲಿಸಿ, ಬೇರೆ ಮನುಷ್ಯ ಹುಟ್ಟುತ್ತಾನೆ. ಹಾಗೆ ಬದಲಿಸುತ್ತಾ ಹೋಗುವುದೇ ಅಭ್ಯಾಸ.

ಇದು ಬಹಳ ದೊಡ್ಡ ಧೈರ್ಯದ ಮಾತು. ಮೊದಲು ಹೊಳೆಯಬೇಕು, ಆಮೇಲೆ ಬರೆಯಬೇಕು ಎಂದು ನಾವು ತಿಳಿದಿದ್ದೇವೆ. ಟೋಪ್ಫರ್ ಅದನ್ನು ತಿರುಗಿಸಿ ಇಟ್ಟರು. ಮೊದಲು ಬರೆಯಿರಿ, ಬರೆದದ್ದನ್ನು ನೋಡಿ “ಯಾರಿವನು?” ಎಂದು ಕೇಳಿ, ಆಗ ಹೊಳೆಯುತ್ತದೆ.

ಅರಳಿ ಎಲೆ ಬರೆದ ಹುಡುಗ

ಈಗ ಮೈಸೂರಿಗೆ ಬರೋಣ. 1921ರ ಅಕ್ಟೋಬರ್ 24ರಂದು ಅಲ್ಲಿ ಒಬ್ಬ ಹೆಡ್‌ಮಾಸ್ಟರರ ಮನೆಯಲ್ಲಿ ಕೊನೆಯ ಮಗ ಹುಟ್ಟಿದ. ಹೆಸರು ಲಕ್ಷ್ಮಣ. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವನ ಅಣ್ಣ. ಓದು ಬರುವುದಕ್ಕೆ ಮೊದಲೇ ಹುಡುಗ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತಿದ್ದ. ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆ ಬರೆಯುತ್ತಿದ್ದ. ಶಾಲೆಯಲ್ಲಿ ಒಂದು ದಿನ ಮೇಷ್ಟರು ಎಲೆ ಬರೆಯಲು ಹೇಳಿದರು. ಹುಡುಗ ಅರಳಿ ಎಲೆ ಬರೆದ. ಮೇಷ್ಟರು ಮೆಚ್ಚಿದರು. ತಾನು ಕಲಾವಿದನಾಗಬಲ್ಲೆ ಎಂದು ತನಗೆ ಅನ್ನಿಸಿದ್ದು ಆ ಮೆಚ್ಚುಗೆಯಿಂದ ಎಂದು ಆರ್.ಕೆ. ಲಕ್ಷ್ಮಣ್ ಮುಂದೆ ನೆನೆದಿದ್ದಾರೆ. ನನ್ನ ಹರಿದ ಹಾಳೆ ನಿಮಗೆ ನೆನಪಿರಬಹುದು. ಉಪಾಧ್ಯಾಯರ ಒಂದು ಮಾತಿಗೆ ಎಷ್ಟು ಬಲವಿದೆ ನೋಡಿ!

ಲಕ್ಷ್ಮಣರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಕಾಗೆ. ನಾವು ದಿನಾ ನೋಡುವ, ನೋಡಿ ಓಡಿಸುವ ಅದೇ ಕಾಗೆ. ಹಸಿರು ಮರ, ನೀಲಿ ಆಕಾಶ, ಕೆಂಪು ಮಣ್ಣಿನ ನಡುವೆ ಆ ಕಪ್ಪು ಆಕಾರ ಎದ್ದು ಕಾಣುವುದು ಅವರಿಗೆ ಹಿಡಿಸಿತು. ವೃದ್ಧಾಪ್ಯದವರೆಗೂ ಅವರು ಕಾಗೆಗಳನ್ನು ಬರೆಯುತ್ತಲೇ ಇದ್ದರು. ಅವುಗಳದ್ದೇ ಪ್ರದರ್ಶನಗಳೂ ನಡೆದವು. ಹಂಸ, ನವಿಲುಗಳಿಗೆ ಕಾಯುತ್ತಾ ಕೂತಿದ್ದರೆ ಅವರು ಕಲಾವಿದರಾಗುತ್ತಿದ್ದರೋ ಇಲ್ಲವೋ!

‘ದಿ ಹಿಂದೂ’ ಪತ್ರಿಕೆಯಲ್ಲಿ ಆಗ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು ಬರುತ್ತಿದ್ದವು. ಲೋ ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದವರು. ಮೈಸೂರಿನ ಹುಡುಗನಿಗೆ ಆ ಗೆರೆಗಳ ಮೇಲೆ ಮೋಹ. ಸಹಿಯನ್ನು ಮಾತ್ರ ಬಹಳ ಕಾಲ ಸರಿಯಾಗಿ ಓದಲಾಗಲಿಲ್ಲ. ಇಂಗ್ಲಿಷಿನ ಮೊದಲ ಅಕ್ಷರ ಮೋಸ ಮಾಡಿ ಅದು ‘ಲೋ’ ಎಂದೋ, ಹಸು ಎಂಬ ಅರ್ಥದ ‘ಕೌ’ ಎಂದೋ ತಿಳಿಯುತ್ತಿರಲಿಲ್ಲವಂತೆ. ಹೆಸರೇ ಗೊತ್ತಿಲ್ಲದ ಗುರುವಿನಿಂದ ಪಾಠ ನಡೆದಿತ್ತು.

ಹೈಸ್ಕೂಲು ಮುಗಿಸಿ ಲಕ್ಷ್ಮಣ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂಬ ಅರ್ಥದ ಉತ್ತರ ಬಂತು. ಇಲ್ಲಿ ಸ್ವಲ್ಪ ನಿಲ್ಲಿ. ಆ ಪತ್ರ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಏನು ಮಾಡುತ್ತಿದ್ದಿರಿ? ನಾನೇನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಲಕ್ಷ್ಮಣ್ ಮಹಾರಾಜಾ ಕಾಲೇಜು ಸೇರಿ ಬಿ.ಎ. ಓದಿದರು, ಬರೆಯುವುದನ್ನು ಬಿಡಲಿಲ್ಲ. ಅಣ್ಣನ ಕಥೆಗಳಿಗೆ ‘ದಿ ಹಿಂದೂ’ದಲ್ಲಿ ಚಿತ್ರ ಬರೆದರು. ಎಷ್ಟೋ ವರ್ಷಗಳ ಮೇಲೆ ಅದೇ ಜೆ.ಜೆ. ಕಲಾಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು.

ಕನ್ನಡದಲ್ಲಿ ಅವರಿಗೆ ಆಸರೆಯಾದದ್ದು ‘ಕೊರವಂಜಿ’. ವೃತ್ತಿಯಿಂದ ವೈದ್ಯರಾಗಿದ್ದ ಎಂ. ಶಿವರಾಂ, ನಮ್ಮೆಲ್ಲರ ‘ರಾಶಿ’, 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ ಅದು. ನಮ್ಮ ಜಾನಪದದಲ್ಲಿ ಕೊರವಂಜಿ ಎಂದರೆ ಊರೂರು ತಿರುಗಿ ಕೈ ನೋಡಿ ಕಣಿ ಹೇಳುವವಳು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಪತ್ರಿಕೆಗೆ ಇದಕ್ಕಿಂತ ತಕ್ಕ ಹೆಸರು ಬೇಕೆ? ಲಕ್ಷ್ಮಣರ ಎಳೆಯ ಗೆರೆಗಳು ಅದರ ಮುಖಪುಟದಲ್ಲೂ ಒಳಪುಟಗಳಲ್ಲೂ ಅಚ್ಚಾದವು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದ ಹಾಸ್ಯಲೇಖಕರು ಅದರಲ್ಲಿ ಬರೆದರು. 1967ರಲ್ಲಿ ನಿಲ್ಲುವವರೆಗೆ, 25 ವರ್ಷ, ಅದು ಕನ್ನಡಿಗರನ್ನು ನಗಿಸಿತು. ಅದರ ಹಾದಿಯಲ್ಲಿ 1983ರಲ್ಲಿ ‘ಅಪರಂಜಿ’ ಹುಟ್ಟಿತು.

ಮುಂಬಯಿಗೆ ಹೋದ ಲಕ್ಷ್ಮಣ್ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ, ಆಮೇಲೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಕೆಲಸ ಮಾಡಿದರು. 1951ರಲ್ಲಿ ಅವರ ನಿತ್ಯದ ಪುಟ್ಟ ಚಿತ್ರದೊಳಗೆ ‘ಶ್ರೀಸಾಮಾನ್ಯ’ ಕಾಲಿಟ್ಟ. ಧೋತ್ರ, ಚೌಕಳಿ ಕೋಟು, ಕನ್ನಡಕ, ಬೋಳುತಲೆಯ ಬದಿಗೆ ಎರಡು ಹಿಡಿ ಕೂದಲು. ಅರ್ಧ ಶತಮಾನ ಅವನು ಎಲ್ಲವನ್ನೂ ನೋಡಿದ, ಒಂದು ಮಾತೂ ಆಡಲಿಲ್ಲ. ಮೊದಮೊದಲು ಲಕ್ಷ್ಮಣ್ ಗುಂಪು ಗುಂಪು ಜನರನ್ನು ಬರೆದು ದೇಶವನ್ನು ತೋರಿಸಲು ಯತ್ನಿಸುತ್ತಿದ್ದರು. ದಿನವೂ ಅಷ್ಟು ಜನರನ್ನು ಬರೆಯಲು ವೇಳೆ ಎಲ್ಲಿದೆ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಉಳಿದವನು ಈತ. ಇದೂ ಬಿಡುವುದರಿಂದ ಬಂದ ಗೆಲುವೇ.

ನಮ್ಮ ದೂರದರ್ಶನಕ್ಕೂ ಈ ಗೆರೆಗಳಿಗೂ ನಂಟಿದೆ. ಶಂಕರ್ ನಾಗ್ ನಿರ್ದೇಶಿಸಿದ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಬರುತ್ತಿದ್ದ ರೇಖಾಚಿತ್ರಗಳು ಲಕ್ಷ್ಮಣರವು. 1988ರ ‘ವಾಗ್ಲೆ ಕಿ ದುನಿಯಾ’ ಅವರ ಪಾತ್ರಗಳ ಆಧಾರದ ಮೇಲೆ ಬಂದದ್ದು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 2015ರ ಜನವರಿ 26ರಂದು ಪುಣೆಯಲ್ಲಿ ಅವರು ತೀರಿಕೊಂಡರು.

ನಗುವಿಗೂ ಬೆಲೆಯುಂಟು

ವ್ಯಂಗ್ಯಚಿತ್ರ ಬರೀ ತಮಾಷೆಯಲ್ಲ ಎಂಬುದಕ್ಕೆ ಒಂದು ಘಟನೆ ಸಾಕು. ಕೇರಳ ಮೂಲದ ಶಂಕರ್ ಅವರು 1948ರಲ್ಲಿ ದೆಹಲಿಯಲ್ಲಿ ‘ಶಂಕರ್ಸ್ ವೀಕ್ಲಿ’ ಆರಂಭಿಸಿದಾಗ, ತನ್ನನ್ನೂ ಬಿಡಬೇಡಿ ಎಂದು ಪ್ರಧಾನಿ ನೆಹರೂ ಅವರೇ ಹೇಳಿದ್ದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕುಳಿತಿತು. ಆ ವರ್ಷದ ಆಗಸ್ಟಿನಲ್ಲಿ ಶಂಕರ್ ತಮ್ಮ ವಾರಪತ್ರಿಕೆಯನ್ನು ನಿಲ್ಲಿಸಿದರು. ನಗಲಾರದ ಅಧಿಕಾರದ ಮುಂದೆ ವ್ಯಂಗ್ಯಚಿತ್ರ ಬಾಳುವುದು ಕಷ್ಟ.

ಆದರೂ ಸಾಲು ನಿಲ್ಲಲಿಲ್ಲ. ಬಿ.ವಿ. ರಾಮಮೂರ್ತಿಯವರು ‘ಡೆಕ್ಕನ್ ಹೆರಾಲ್ಡ್’ನಲ್ಲಿ ‘ಮಿಸ್ಟರ್ ಸಿಟಿಜನ್’ ಎಂಬ ನಾಗರಿಕನನ್ನು ದಿನವೂ ಮಾತಿಗೆಳೆದರು. ಗಂಡಸರೇ ತುಂಬಿದ್ದ ಈ ಕ್ಷೇತ್ರದಲ್ಲಿ ಮಾಯಾ ಕಾಮತ್ ಬೆಂಗಳೂರಿನಿಂದ ರಾಜಕೀಯ ವ್ಯಂಗ್ಯಚಿತ್ರಗಳನ್ನು ಬರೆದರು. 2001ರಲ್ಲಿ, 50ರ ವಯಸ್ಸಿನಲ್ಲಿ ತೀರಿಕೊಂಡರು. ಕುಂದಾಪುರದ ಸತೀಶ್ ಆಚಾರ್ಯ ತಮ್ಮ ಊರಿನಲ್ಲೇ ಕೂತು ಬರೆದ ಚಿತ್ರಗಳನ್ನು ದೇಶವಿದೇಶದ ಜನ ನೋಡುತ್ತಾರೆ. ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ಚಿತ್ರಶಾಲೆಯೊಂದನ್ನು ತೆರೆಯಿತು. ರಾಜಧಾನಿಗೆ ಹೋದಾಗ ಅಂಗಡಿ ಬೀದಿಯ ಜೊತೆಗೆ ಅದನ್ನೂ ನೋಡಿ.

ಉತ್ಪ್ರೇಕ್ಷೆಯ ವಿಜ್ಞಾನ

ಮೂಗು ಉದ್ದವಾಗಿ ಬರೆದರೆ ಆ ಮನುಷ್ಯ ಇನ್ನೂ ಚೆನ್ನಾಗಿ ಗುರುತು ಸಿಗುವುದೇಕೆ? ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ನಿಕೋ ಟಿನ್‌ಬರ್ಗೆನ್ ಕಡಲಹಕ್ಕಿಯ ಮರಿಗಳನ್ನು ಗಮನಿಸಿದ್ದರು. ತಾಯಿಯ ಹಳದಿ ಕೊಕ್ಕಿನ ಮೇಲಿರುವ ಕೆಂಪು ಚುಕ್ಕೆಯನ್ನು ಕುಟುಕಿ ಮರಿಗಳು ಆಹಾರ ಬೇಡುತ್ತವೆ. ಕೊಕ್ಕಿನ ಬದಲು ಪಟ್ಟೆ ಬಳಿದ ಕೆಂಪು ಕಡ್ಡಿಯೊಂದನ್ನು ಹಿಡಿದರೆ ಅದನ್ನು ಇನ್ನೂ ಜೋರಾಗಿ ಕುಟುಕಿದವು! ಮುಖ್ಯ ಲಕ್ಷಣವನ್ನು ಹಿಗ್ಗಿಸಿದಾಗ ಮಿದುಳು ಹೆಚ್ಚು ಸ್ಪಂದಿಸುತ್ತದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೀನ್ 1999ರ ಲೇಖನವೊಂದರಲ್ಲಿ ವ್ಯಂಗ್ಯಚಿತ್ರದ ಸೆಳೆತವನ್ನು ಇಂಥ ತತ್ವದಿಂದಲೇ ವಿವರಿಸಿದರು. ಸಾಮಾನ್ಯ ಮುಖಕ್ಕೂ ಈ ಮುಖಕ್ಕೂ ಇರುವ ವ್ಯತ್ಯಾಸವನ್ನು ಕಂಡುಹಿಡಿದು ಅದನ್ನಷ್ಟೇ ಹಿಗ್ಗಿಸುವುದು. ಹಾಗಾದರೆ ಮೊದಲ ಕೆಲಸ ಯಾವುದು? ಆ ವ್ಯತ್ಯಾಸ ಕಾಣುವವರೆಗೆ ನೋಡುವುದು.

ಈಗ ಪೆನ್ಸಿಲು ತೆಗೆದುಕೊಳ್ಳಿ

ಮೊದಲು ಒಂದು ಮೊಟ್ಟೆಯಾಕಾರ ಬರೆಯಿರಿ. ಮೇಲಿಂದ ಕೆಳಗೆ ನಡುವೆ ಒಂದು ತೆಳು ಗೆರೆ. ಅಡ್ಡಕ್ಕೆ, ಸರಿಯಾಗಿ ಮಧ್ಯದಲ್ಲಿ, ಇನ್ನೊಂದು. ಕಣ್ಣುಗಳು ಈ ಅಡ್ಡಗೆರೆಯ ಮೇಲೆ ಕೂರಬೇಕು. ಹೊಸಬರೆಲ್ಲ ಕಣ್ಣುಗಳನ್ನು ಹಣೆಯ ಮೇಲೆ ಬರೆಯುತ್ತಾರೆ. ನಿಮ್ಮ ಮುಖವನ್ನೇ ಕನ್ನಡಿಯಲ್ಲಿ ಅಳೆದು ನೋಡಿ. ಕೆಳಗಿನ ಅರ್ಧದ ನಡುವೆ ಮೂಗಿನ ತುದಿ, ಅದರ ಕೆಳಗೆ ಬಾಯಿ.

ಎರಡನೆಯದು ಲೆಕ್ಕದ ಆಟ. ಹುಬ್ಬು ಮೂರು ಬಗೆ: ಮೇಲೇರಿದ್ದು, ನೇರವಾದದ್ದು, ಮೂಗಿನ ಕಡೆಗೆ ಇಳಿದದ್ದು. ಬಾಯಿ ಮೂರು ಬಗೆ: ತುದಿ ಮೇಲೆ, ನೇರ, ತುದಿ ಕೆಳಗೆ. ಮೂರನ್ನು ಮೂರರಿಂದ ಗುಣಿಸಿ: ಒಂಬತ್ತು ಮುಖಗಳು. ಒಂಬತ್ತನ್ನೂ ಬರೆದು ಪ್ರತಿಯೊಂದರ ಕೆಳಗೆ ಅವನು ಯಾರು ಎಂದು ಒಂದು ಪದ ಬರೆಯಿರಿ. ಹುಬ್ಬು ಇಳಿದು ಬಾಯಿ ನಗುತ್ತಿದ್ದರೆ ಯಾರು? ಸಾಲ ಕೊಟ್ಟವನೇ? ಹುಬ್ಬು ಏರಿ ಬಾಯಿ ಇಳಿದಿದ್ದರೆ? ಫಲಿತಾಂಶ ನೋಡಲು ಬಂದವನೇ? ಟೋಪ್ಫರ್ ಹೇಳಿದ ಹೊಳಹು ಇಲ್ಲೇ ಬರುತ್ತದೆ.

ಮೂರನೆಯದು ಮೈ. ಮೊದಲು ಬೆನ್ನಿನ ಒಂದೇ ಗೆರೆ ಎಳೆಯಿರಿ. ಭಾರ ಹೊತ್ತವನ ಬೆನ್ನು ಬಾಗಿರುತ್ತದೆ, ಅಧಿಕಾರಿಯ ಬೆನ್ನು ಹಿಂದಕ್ಕೆ ವಾಲಿರುತ್ತದೆ. ಆ ಗೆರೆ ಸರಿಯಾದರೆ ಕೈಕಾಲು ತಾನಾಗಿ ಕೂಡಿಕೊಳ್ಳುತ್ತವೆ. ನಾಲ್ಕನೆಯದಾಗಿ, ಒಬ್ಬರಲ್ಲಿ ಒಂದೇ ಲಕ್ಷಣವನ್ನು ಹಿಗ್ಗಿಸಿ. ಎಲ್ಲವನ್ನೂ ಹಿಗ್ಗಿಸಿದರೆ ಯಾವುದೂ ಕಾಣುವುದಿಲ್ಲ. ಪೆನ್ನಿನಿಂದ ತಿದ್ದಿದ ಮೇಲೆ ಪೆನ್ಸಿಲ್ ಗೆರೆಗಳನ್ನು ಅಳಿಸಿ.

ಒಂದು ಎಚ್ಚರಿಕೆಯ ಮಾತು. ಮನುಷ್ಯನ ನಡತೆಯನ್ನು ನಗಿ. ಅವನ ಕುಂಟುಕಾಲನ್ನು, ಬಡತನವನ್ನು, ಜಾತಿಯನ್ನು, ಬಣ್ಣವನ್ನು ನಗಬೇಡಿ. ನಿಮಗಿಂತ ಬಲಶಾಲಿಯನ್ನು ಕುರಿತ ನಗು ವ್ಯಂಗ್ಯ. ನಿಮಗಿಂತ ದುರ್ಬಲನನ್ನು ಕುರಿತದ್ದು ಬರೀ ಹಿಂಸೆ.

ಮತ್ತೆ ಆಲಮಟ್ಟಿ

ಆಲಮಟ್ಟಿಯ ನೀರನ್ನು ನೋಡುವಾಗ ನನಗೆ ಇನ್ನೊಂದು ಯೋಚನೆಯೂ ಬಂತು. ಆ ನೀರಿನ ಕೆಳಗೆ ಹಳ್ಳಿಗಳಿದ್ದವು. ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿ, ಜನ ನವನಗರಕ್ಕೆ ಬಂದರು. ಹೊಲಕ್ಕೆ ನೀರು ಬಂದದ್ದೂ ನಿಜ, ಮನೆ ಬಿಟ್ಟು ಹೋದದ್ದೂ ನಿಜ. ಆ ಕಟ್ಟೆಗಳ ಮೇಲೆ ಕೂತು ಯಾರು ಹೇಗೆ ಎಲೆಅಡಿಕೆ ಹಾಕುತ್ತಿದ್ದರು, ಅಗಸಿ ಬಾಗಿಲಲ್ಲಿ ಯಾರು ಯಾರನ್ನು ಬೈಯುತ್ತಿದ್ದರು? ಸರ್ಕಾರದ ಕಡತಗಳಲ್ಲಿ ಎಕರೆ, ಗುಂಟೆಗಳ ಲೆಕ್ಕ ಉಳಿದಿದೆ. ಆ ಮುಖಗಳು ಉಳಿದಿರುವುದು ನೆನಪಿನಲ್ಲಿ ಮಾತ್ರ. ಕುಮಟಗಿಯ ಹೆಸರಿಲ್ಲದ ಚಿತ್ರಕಾರ ತನ್ನ ಕಾಲದ ಕುಸ್ತಿಯಾಳನ್ನು ಬರೆಯದೆ ಇದ್ದಿದ್ದರೆ ಇಂದು ನಮಗೆ ಅವನು ಕಾಣುತ್ತಿರಲಿಲ್ಲ. ಪುನರ್ವಸತಿ ಕೇಂದ್ರಗಳಲ್ಲಿ ಹಿರಿಯರು ಇನ್ನೂ ಇದ್ದಾರೆ. ಆ ಕಡೆಯ ವಿದ್ಯಾರ್ಥಿಗಳೇ, ಅವರ ಬಳಿ ಕೂತು ಕೇಳಿ. ಅವರು ಹೇಳುವಾಗ ಕೈ ಹೇಗೆ ಆಡಿಸುತ್ತಾರೆ ಎಂಬುದನ್ನೂ ನೋಡಿ, ಬರೆದಿಡಿ.

ಅಂದು ಸಂಜೆ ಮಳೆ ನಿಂತು ನಾವು ಸಾಮಾನು ಕಟ್ಟುತ್ತಿದ್ದಾಗ ಆ ಹುಡುಗ ಮತ್ತೆ ಬಂದ. “ಸರ್, ಒಂದ್ ತಗದೀನಿ, ಬೈಬ್ಯಾಡ್ರಿ” ಎಂದು ಪುಸ್ತಕ ಚಾಚಿದ. ಐದನೆಯ ಪುಟದಲ್ಲಿ ನಮ್ಮ ಕ್ಯಾಮೆರಾಮನ್ ಇದ್ದರು. ಕ್ಯಾಮೆರಾದ ಮೇಲೆ ದೊಡ್ಡ ಕೊಡೆ ಹಿಡಿದು, ತಾವು ಮಾತ್ರ ತೊಪ್ಪೆಯಾಗಿ ನೆನೆಯುತ್ತಿದ್ದರು. ಕೊಡೆ ಹಾಳೆಯ ಅರ್ಧದಷ್ಟಿತ್ತು, ಮನುಷ್ಯ ಹೆಬ್ಬೆರಳಷ್ಟು. ಕೈಗಳ ಅಳತೆ ತಪ್ಪಿತ್ತು, ಕಾಲುಗಳು ಕಡ್ಡಿಯಂತಿದ್ದವು. ಆದರೆ ಬಾಗಿದ ಬೆನ್ನು ಅವರದೇ. ಇಡೀ ತಂಡ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಕ್ಯಾಮೆರಾಮನ್. ನಾನು ಹಾಳೆಯನ್ನು ಹರಿಯಲಿಲ್ಲ. ಕೆಳಗೆ ತಾರೀಖು ಹಾಕಿಸಿ, “ಆರನೇ ಪುಟಕ್ಕೆ ಏನು?” ಎಂದು ಕೇಳಿ ಹಿಂದಿರುಗಿಸಿದೆ.

ನಿಮ್ಮ ಒಂಬತ್ತು ಮುಖಗಳನ್ನು ಇವತ್ತೇ ಬರೆಯಿರಿ. ಹತ್ತನೆಯದು ನಿಮ್ಮ ಎದುರಿನ ಬೆಂಚಿನಲ್ಲಿ ಕೂತಿರಬಹುದು.